ಒಂದೇ ಇಂಟರ್ನೆಟ್, ಒಂದು ಆ್ಯಪ್‌ನಲ್ಲಿ ಮಾತ್ರ ಬಫರಿಂಗ್ ಯಾಕೆ?

ಪ್ರಶ್ನೆ: ಸ್ಪೀಡ್ ಟೆಸ್ಟ್‌ನಲ್ಲಿ 50 ಎಂಬಿಪಿಎಸ್ ಬರುತ್ತೆ. ಆದರೂ ಒಂದು ಆ್ಯಪ್‌ನಲ್ಲಿ ಚಿತ್ರ ಸ್ಪಷ್ಟ, ಇನ್ನೊಂದರಲ್ಲಿ ಮಸುಕು, ನಡುನಡುವೆ ಚಕ್ರ ತಿರುಗುತ್ತೆ. ಯಾಕೆ?

ಉತ್ತರ 1: ಸ್ಪೀಡ್ ಟೆಸ್ಟ್ ಅಳೆಯೋದು ಸಾಮಾನ್ಯವಾಗಿ ಹತ್ತಿರದ ಸರ್ವರ್‌ವರೆಗಿನ ದಾರಿಯನ್ನ. ವಿಡಿಯೋ ಬರೋದು ಆಯಾ ಸೇವೆಯ ಸಿಡಿಎನ್‌ನಿಂದ, ಅಂದ್ರೆ ವಿಡಿಯೋ ಹಂಚೋಕೆ ಊರೂರಲ್ಲಿ ಇಟ್ಟಿರೋ ಸರ್ವರ್‌ಗಳ ಜಾಲದಿಂದ. ನೆಟ್‌ಫ್ಲಿಕ್ಸ್ ತನ್ನ ಓಪನ್ ಕನೆಕ್ಟ್ ಸರ್ವರ್‌ಗಳನ್ನ ಎಷ್ಟೋ ಇಂಟರ್ನೆಟ್ ಕಂಪನಿಗಳ ಒಳಗೇ ಇಟ್ಟಿದೆ. ಎಲ್ಲ ಸೇವೆಗಳಿಗೂ ಆ ಅನುಕೂಲ ಇಲ್ಲ. ಇನ್ನು ವಿಡಿಯೋ ಬರೋದು ಕೆಲವೇ ಸೆಕೆಂಡಿನ ತುಣುಕುಗಳಾಗಿ, ಪ್ರತಿ ತುಣುಕೂ ಹಲವು ಬಿಟ್‌ರೇಟ್‌ಗಳಲ್ಲಿ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋ ಲೆಕ್ಕ) ಸಿದ್ಧವಿರುತ್ತೆ. 6 ಸೆಕೆಂಡಿನ ತುಣುಕು ಇಳಿಯೋಕೆ 7 ಸೆಕೆಂಡು ಹಿಡಿದರೆ ಬಫರ್, ಅಂದ್ರೆ ಮುಂಚೆಯೇ ಇಳಿಸಿಟ್ಟ ವಿಡಿಯೋ, ಕರಗ್ತಾ ಹೋಗುತ್ತೆ. ಪ್ಲೇಯರ್ ಬೇಗ ಕೆಳಗಿನ ಬಿಟ್‌ರೇಟ್‌ಗೆ ಇಳಿದರೆ ಮಸುಕು, ತಡ ಮಾಡಿದರೆ ಚಕ್ರ.

ಉತ್ತರ 2: ಮಸುಕು ಮಾತ್ರ ಇದ್ದು ಚಕ್ರ ಇಲ್ಲದಿದ್ದರೆ ನೆಟ್ಟನ್ನಷ್ಟೇ ಬೈಯಬೇಡಿ, ಕಾರಣ ಬೇರೆಯೂ ಇರಬಹುದು. ಫೋನಿನಲ್ಲಿ ವೈಡ್‌ವೈನ್ (ವಿಡಿಯೋ ನಕಲು ತಡೆಯೋ ಗೂಗಲ್ ವ್ಯವಸ್ಥೆ) ಎಲ್3 ಅನ್ನೋ ಕೆಳಗಿನ ಮಟ್ಟದ್ದು ಇದ್ದರೆ ಹಲವು ಸೇವೆಗಳು ಎಚ್‌ಡಿ ಕೊಡೋದೇ ಇಲ್ಲ. ಕೋಡೆಕ್ (ವಿಡಿಯೋ ಕುಗ್ಗಿಸೋ ವಿಧಾನ) ಕೂಡ ನೋಡಿ: ಅದೇ ಬಿಟ್‌ರೇಟ್‌ನಲ್ಲಿ ಹೊಸ ಕೋಡೆಕ್ ಎವಿ1ರ ಚಿತ್ರ ಹಳೆಯ ಎಚ್.264ಗಿಂತ ಸಾಮಾನ್ಯವಾಗಿ ಚೆನ್ನಾಗಿರುತ್ತೆ. ಕತ್ತಲೆ ದೃಶ್ಯದ ಗೋಡೆಯಲ್ಲಿ ಚೌಕಚೌಕ ಕಂಡರೆ ಸಾಮಾನ್ಯವಾಗಿ ಬಿಟ್‌ರೇಟ್ ಸಾಲ್ತಿಲ್ಲ ಅಂತ ಅರ್ಥ.

ಉತ್ತರ 3: ಮೊದಲು ಆ್ಯಪ್‌ನ ಡೇಟಾ ಸೇವರ್ ಆಫ್ ಮಾಡಿ. ಆಮೇಲೆ ಟಿವಿಗೆ ಲ್ಯಾನ್ ಕೇಬಲ್ ಹಾಕಿ ನೋಡಿ. ಚಕ್ರ ಬರೋದು ನಿಂತರೆ ತಪ್ಪು ವೈಫೈದು. ರಾತ್ರಿ ಮಾತ್ರ ತೊಂದರೆಯಾದರೆ ಬಹುಶಃ ನೆಟ್‌ವರ್ಕ್‌ನಲ್ಲಿ ದಟ್ಟಣೆ.