ವಿಯೆಟ್ನಾಂ ಯೋಧರಿಗೆ ಊರಿನ ಮೆರವಣಿಗೆ ಏಕೆ ದೊರೆಯಲಿಲ್ಲ?

ಪ್ರಶ್ನೆ:
1946ರ ಜನವರಿ 12ರಂದು ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ 82ನೇ ಏರ್‌ಬೋರ್ನ್ ಡಿವಿಷನ್ (ಪ್ಯಾರಾಚೂಟ್ ಸೇನಾದಳ) ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವಿನಲ್ಲಿ ನಡೆಸಿದ ವಿಜಯ ಮೆರವಣಿಗೆಯ ಚಿತ್ರಗಳನ್ನು ನೋಡಿದಾಗಿನಿಂದ ಒಂದು ಸಂದೇಹ ಕಾಡುತ್ತಿದೆ. ವಿಯೆಟ್ನಾಂನಿಂದ ಮರಳಿದವರನ್ನು ಯಾವ ನಗರವೂ ಹೀಗೆ ಬರಮಾಡಿಕೊಳ್ಳಲಿಲ್ಲ ಎನ್ನುತ್ತಾರೆ. ಯುದ್ಧದ ಮೇಲೆ ಜನರಿಗಿದ್ದ ಸಿಟ್ಟೊಂದೇ ಇದಕ್ಕೆ ಕಾರಣವೇ?

ಉತ್ತರ 1:
ಸಿಟ್ಟು ಇದ್ದದ್ದು ನಿಜ. ಆದರೆ ಅದಕ್ಕಿಂತ ಸರಳವಾದ ಕಾರಣವೊಂದಿದೆ. ಅದನ್ನು ಹೇಳುವವರು ಕಡಿಮೆ. 82ನೇ ಡಿವಿಷನ್ ಹಡಗಿನಲ್ಲಿ ಒಟ್ಟಾಗಿ ಬಂದಿಳಿಯಿತು. ವಿಯೆಟ್ನಾಂನಲ್ಲಾದರೋ ಭೂಸೇನೆಯವನಿಗೆ ಸಾಮಾನ್ಯವಾಗಿ 12 ತಿಂಗಳು, ಮರೀನ್ ಸೈನಿಕನಿಗೆ 13 ತಿಂಗಳು ಎಂದು ಅವಧಿ ಗೊತ್ತುಮಾಡಿದ್ದರಿಂದ ದಳ ಅಲ್ಲಿಯೇ ಉಳಿಯುತ್ತಿತ್ತು, ದಿನ ತುಂಬಿದವನು ಮಾತ್ರ ಗುರುತು ಪರಿಚಯವಿಲ್ಲದವರ ನಡುವೆ ವಿಮಾನದಲ್ಲಿ ಕುಳಿತು ಮನೆಗೆ ಬರುತ್ತಿದ್ದ. ಹಾಗೆ ಒಬ್ಬೊಬ್ಬನಾಗಿ ಬಂದವನಿಗಾಗಿ ರಸ್ತೆ ತಡೆದು ಬ್ಯಾಂಡು ಬಾರಿಸುವವರು ಯಾರು? ಅಂದಹಾಗೆ, ‘ಯಾವ ನಗರವೂ’ ಎಂಬುದು ಪೂರ್ತಿ ಸರಿಯಲ್ಲ. ಸೇನೆಯನ್ನು ಹಿಂತೆಗೆದುಕೊಳ್ಳಲು ಆರಂಭಿಸಿದಾಗ ಕಾಲಾಳು ಬೆಟಾಲಿಯನ್ ಒಂದು ಒಟ್ಟಾಗಿ ಮರಳಿತು. ಸಿಯಾಟಲ್ ನಗರ 1969ರ ಜುಲೈ 10ರಂದು ಅದಕ್ಕೆ ಮೆರವಣಿಗೆ ಏರ್ಪಡಿಸಿತು.

ಉತ್ತರ 2:
ಒಟ್ಟಾಗಿ ಬಂದವರೆಲ್ಲರಿಗೂ ಊರು ಒಂದೇ ಮನಸ್ಸಿನಿಂದ ಬಾಗಿಲು ತೆರೆಯಿತೆಂದು ಮಾತ್ರ ತಿಳಿಯಬೇಡಿ. ‘ಹಾರ್ಲೆಮ್ ಹೆಲ್‌ಫೈಟರ್ಸ್’ ಎಂದು ಹೆಸರಾದ ಕಪ್ಪು ಸೈನಿಕರ ದಳಕ್ಕೆ, ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ ನ್ಯೂಯಾರ್ಕಿನ ಬೀಳ್ಕೊಡುಗೆ ಮೆರವಣಿಗೆಯಲ್ಲಿ ಸೇರಲು ಅವಕಾಶವನ್ನೇ ಕೊಟ್ಟಿರಲಿಲ್ಲ. ಅದೇ ದಳ 191 ದಿನ ಯುದ್ಧರಂಗದಲ್ಲಿದ್ದು, 1919ರ ಫೆಬ್ರವರಿ 17ರಂದು ಅದೇ ಊರಿನ ಫಿಫ್ತ್ ಅವೆನ್ಯೂವಿನಿಂದ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ವರೆಗೆ, ಸಂಗೀತಗಾರ ಜೇಮ್ಸ್ ರೀಸ್ ಯುರೋಪ್ ಅವರ ಬ್ಯಾಂಡಿನೊಂದಿಗೆ ನಡೆಯಿತು. ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡಿದ್ದ ಆ ದಳದ ಯೋಧ ಹೆನ್ರಿ ಜಾನ್ಸನ್ ನಡೆಯಲಾರದೆ ತೆರೆದ ಕಾರಿನಲ್ಲಿ ನಿಂತು, ಕೈಯಲ್ಲಿ ಲಿಲ್ಲಿ ಹೂಗಳ ಗುಚ್ಛ ಹಿಡಿದು ಜನರತ್ತ ಬಾಗುತ್ತಿದ್ದರು. ಅವರಿಗೆ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ‘ಮೆಡಲ್ ಆಫ್ ಆನರ್’ ಸಂದದ್ದು 2015ರಲ್ಲಿ. ಅವರು ತೀರಿಕೊಂಡದ್ದು 1929ರಲ್ಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಹಾಗಾದರೆ ಇರಾಕಿನಿಂದ ದಳಗಳು ಒಟ್ಟಾಗಿಯೇ ಮರಳಿದವಲ್ಲ, ಅಲ್ಲಿ ಏನಾಯಿತು?

ಉತ್ತರ 1:
ಅಲ್ಲಿ ನನ್ನ ವಾದ ಸ್ವಲ್ಪ ಕುಂಟುತ್ತದೆ. ದಳಗಳು ಮರಳಿದ್ದು ಸೇನಾ ನೆಲೆಗಳಿಗೆ. ಸ್ವಾಗತವೂ ಅಲ್ಲಿಗೇ ಮುಗಿಯಿತು. ಅಫ್ಘಾನಿಸ್ತಾನದಲ್ಲಿ ಸೈನಿಕರು ಇನ್ನೂ ಹೋರಾಡುತ್ತಿರುವಾಗ ರಾಷ್ಟ್ರಮಟ್ಟದ ಮೆರವಣಿಗೆ ಸಲ್ಲದೆಂಬುದು ಸೇನಾ ವರಿಷ್ಠರ ನಿಲುವಾಗಿತ್ತು. ಆದರೂ ಸೇಂಟ್ ಲೂಯಿಯ ಇಬ್ಬರು ಗೆಳೆಯರು ಸುಮ್ಮನಿರದೆ ಓಡಾಡಿದ್ದರಿಂದ 2012ರ ಜನವರಿ 28ರಂದು ಆ ನಗರದಲ್ಲಿ ಮೆರವಣಿಗೆ ನಡೆದೇ ಹೋಯಿತು. ನೆರೆದವರು ಸುಮಾರು 1,00,000 ಎಂದು ಅಂದಾಜು. ಅಗ್ನಿಶಾಮಕ ವಾಹನಗಳ ಏಣಿಗಳಿಂದ ಇಳಿಬಿಟ್ಟ ಭಾರೀ ಧ್ವಜಗಳ ಅಡಿಯಲ್ಲಿ ಯೋಧರು ಸಾಗಿದರು, ಕೆಲವರು ತಮ್ಮ ಮಕ್ಕಳೊಂದಿಗೆ. ಮೆರವಣಿಗೆ ಮುಗಿದ ಮೇಲೆ ಅವರಿಗೆ ಉದ್ಯೋಗ ಮತ್ತಿತರ ನೆರವಿನ ಮಾಹಿತಿ ನೀಡುವ ಮಳಿಗೆಗಳೂ ಅಲ್ಲಿದ್ದವು. ನನಗೆ ಹೂಮಳೆಗಿಂತ ಅದೇ ಹೆಚ್ಚು ಹಿಡಿಸಿತು.