ಟೆನೆರೀಫ್‌ನ ಉದ್ದ ಇಳಿಜಾರಿನಲ್ಲಿ ಗ್ರಾವೆಲ್ ಸೈಕಲ್‌ನ ಮುಂದಿನ ಬ್ರೇಕ್ ಕೈಕೊಡುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಲವು ವಾರಗಳಿಂದ ಕೆನರಿ ದ್ವೀಪಸಮೂಹದ ಟೆನೆರೀಫ್‌ನಲ್ಲಿ ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗಳಿಗೆಂದು ಮಾಡಿದ ಸೈಕಲ್) ಓಡಿಸುತ್ತಿದ್ದೇನೆ. ತೇಯ್ದೆ ಜ್ವಾಲಾಮುಖಿಯ ತಪ್ಪಲಿನ ಎಲ್ ಪೋರ್ತಿಯೊ ಬಳಿಯಿಂದ, ಅಂದರೆ ಸುಮಾರು 2,000 ಮೀಟರ್ ಎತ್ತರದಿಂದ, ಕೊರೋನಾ ಫೊರೆಸ್ತಾಲ್‌ನ ಪೈನ್ ಕಾಡಿನ ಮಣ್ಣುದಾರಿಗಳಲ್ಲಿ ಒರೊತಾವ ಕಣಿವೆಯ ಕಡೆಗೆ ಇಳಿದು, ಸುಮಾರು 1,200 ಮೀಟರ್ ಎತ್ತರದಲ್ಲಿರುವ ಲಾ ಕಾಲ್ದೆರಾ ತಲುಪುವುದು ನನ್ನ ಮೆಚ್ಚಿನ ದಾರಿ.

ಸಮಸ್ಯೆ ಮುಂದಿನ ಬ್ರೇಕಿನದು. ಇಳಿಯಲು ಶುರುಮಾಡಿದಾಗ ಲಿವರ್ ಗಟ್ಟಿಯಾಗಿಯೇ ಇರುತ್ತದೆ. ಅರ್ಧ ದಾರಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಿಟ್ಟು ಮತ್ತೆ ಹಿಡಿದರೆ ಅದು ಮೆತ್ತಗಾಗಿ ಹ್ಯಾಂಡಲ್‌ಗೆ ತಗಲುವಷ್ಟು ಒಳಗೆ ಬರುತ್ತದೆ. ಅರ್ಧ ಗಂಟೆ ನಿಂತು ಹೊರಟರೆ ಏನೂ ಆಗಿಲ್ಲವೆಂಬಂತೆ ಮೊದಲಿನ ಹಾಗೆಯೇ ಕೆಲಸ ಮಾಡುತ್ತದೆ. ಜೊತೆಗೆ ಮೋಡದ ಪದರದೊಳಗೆ ಇಳಿದಾಗ ಕರಕರ ಸದ್ದು ಬರುತ್ತದೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ (ಲಿವರ್ ಒತ್ತಿದಾಗ ಹೋಸ್‌ನೊಳಗಿನ ಆಯಿಲ್ ಪ್ಯಾಡ್‌ಗಳನ್ನು ತಳ್ಳುತ್ತದೆ), ಮಿನರಲ್ ಆಯಿಲ್, ಹಿಂದೆ ಮುಂದೆ ಎರಡೂ ಕಡೆ 140 ಮಿಲಿಮೀಟರ್ ರೋಟರ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ), ಅದನ್ನು ಒತ್ತಿ ಹಿಡಿಯುವ ರೆಸಿನ್ (ರಾಳದ) ಪ್ಯಾಡ್. ನಾನು, ಸೈಕಲ್, ಚೀಲಗಳು ಎಲ್ಲ ಸೇರಿ 95 ಕಿಲೋ ತೂಕ. ಪ್ಯಾಡ್ ಬದಲಿಸಿದರೆ ಸಾಕೇ, ಅಥವಾ ದೋಷ ಬೇರೆಲ್ಲೋ ಇದೆಯೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಮೊದಲ ಉತ್ತರ

ಪ್ಯಾಡ್ ಕೊಳ್ಳುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಲಿವರ್ ಗಟ್ಟಿಯಾಗಿದ್ದೂ ಸೈಕಲ್ ನಿಲ್ಲದಿದ್ದರೆ ಅದು ಪ್ಯಾಡ್ ಮತ್ತು ರೋಟರ್‌ನ ನಡುವಿನ ತೊಂದರೆ. ಲಿವರೇ ಒಳಗೆ ಕುಸಿದರೆ ಅದು ಆಯಿಲ್‌ನ ತೊಂದರೆ. ಇವೆರಡನ್ನೂ "ಬ್ರೇಕ್ ಫೇಡ್" ಎಂಬ ಒಂದೇ ಮಾತಿನಲ್ಲಿ ಕರೆಯುವುದರಿಂದ ಅನೇಕರು ಚೆನ್ನಾಗಿರುವ ಭಾಗವನ್ನು ಬಿಚ್ಚಿ ಎಸೆಯುತ್ತಾರೆ. ಬೆಳಿಗ್ಗೆ ಸೈಕಲ್ ತಣ್ಣಗಿರುವಾಗ ಲಿವರ್ ಹೇಗಿರುತ್ತದೆ? ನಾಲ್ಕೈದು ಸಲ ಬೇಗಬೇಗ ಒತ್ತಿದರೆ ಗಟ್ಟಿಯಾಗುತ್ತದೆಯೇ? ಆಯಿಲ್ ಬದಲಿಸಿ ಎಷ್ಟು ಕಾಲವಾಯಿತು?

ಪ್ರಶ್ನೆ ಕೇಳಿದವರು

ತಣ್ಣಗಿರುವಾಗ ಲಿವರ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಸಲ ಒತ್ತಿದರೂ ವ್ಯತ್ಯಾಸವಿಲ್ಲ. ಬಿಸಿಯಾಗಿ ಮೆತ್ತಗಾದ ಮೇಲೆ ಬೇಗಬೇಗ ಒತ್ತಿದರೆ ಸ್ವಲ್ಪ ಮೇಲೆ ಬರುತ್ತದೆ, ಆದರೆ ಹಾಗೆಯೇ ಉಳಿಯುವುದಿಲ್ಲ. ಆಯಿಲ್ ಬದಲಿಸಿ ಎರಡು ವರ್ಷ ಮೀರಿದೆ. ಈ ದಾರಿಗಳಲ್ಲಿ ಸ್ಥಳೀಯರು ಪಿಕೋನ್ ಎನ್ನುವ ಕಪ್ಪು ಜ್ವಾಲಾಮುಖಿ ಜಲ್ಲಿ ಹಲವೆಡೆ ಚಕ್ರ ಹೂಳುವಷ್ಟು ಸಡಿಲವಾಗಿ ಹರಡಿರುವುದರಿಂದ, ಗಟ್ಟಿಯಾಗಿ ಹಿಡಿದರೆ ಮುಂದಿನ ಚಕ್ರ ಜಾರುತ್ತದೆಂದು ಎರಡೂ ಬ್ರೇಕುಗಳನ್ನು ಹಗುರವಾಗಿ, ಆದರೆ ಬಿಡದೆ ಹಿಡಿದುಕೊಂಡೇ ಇಳಿಯುತ್ತೇನೆ.

ಎರಡನೆಯ ಉತ್ತರ

ನೀವು ಕೊಟ್ಟ ವಿವರಗಳಲ್ಲಿ ಉತ್ತರ ಬಹುಮಟ್ಟಿಗೆ ಇದೆ. ಹೋಸ್‌ನಲ್ಲಿ ಗಾಳಿ ಸೇರಿದ್ದರೆ ಲಿವರ್ ಬೆಳಿಗ್ಗೆಯೂ ಮೆತ್ತಗಿರಬೇಕಿತ್ತು. ಬಿಸಿಯಾದಾಗ ಮಾತ್ರ ಕುಸಿದು, ತಣಿದ ಮೇಲೆ ಸರಿಹೋಗುವುದು ಕ್ಯಾಲಿಪರ್‌ನೊಳಗೆ (ಚಕ್ರದ ಪಕ್ಕದಲ್ಲಿದ್ದು ಪಿಸ್ಟನ್‌ಗಳಿಂದ ಪ್ಯಾಡ್‌ಗಳನ್ನು ತಳ್ಳುವ ಭಾಗ) ಏನೋ ಕುದಿದು ಆವಿಯಾಗುತ್ತಿರುವುದರ ಲಕ್ಷಣ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದ್ದರಿಂದ ನಿಮ್ಮ ಬೆರಳಿನ ಬಲ ಪಿಸ್ಟನ್ ತಳ್ಳುವ ಬದಲು ಆ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ.

ಕುದಿಯುತ್ತಿರುವುದು ಬಹುಶಃ ಆಯಿಲ್ ಅಲ್ಲ, ನೀರು. ಬೇರೆ ಕೆಲವು ಬ್ರೇಕುಗಳಲ್ಲಿ ಬಳಸುವ ಡಾಟ್ ದ್ರವ ತೇವವನ್ನು ಹೀರಿ ತನ್ನೊಳಗೆ ಬೆರೆಸಿಕೊಳ್ಳುತ್ತದೆ. ಅದರ ಒಂದು ದರ್ಜೆಯಾದ ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು, ತೇವ ಹೀರಿದ ಮೇಲೆ ಕನಿಷ್ಠ 155 ಡಿಗ್ರಿವರೆಗೆ ತಡೆಯಬೇಕು ಎಂಬುದು ಅದರ ಮಾನದಂಡ. ಮಿನರಲ್ ಆಯಿಲ್ ನೀರಿನೊಂದಿಗೆ ಬೆರೆಯುವುದಿಲ್ಲ. ಇದನ್ನು ಅದರ ಗುಣವೆಂದೇ ಹೇಳುತ್ತಾರೆ, ಆದರೆ ಒಳಗೆ ಸೇರಿದ ಹನಿ ಹಾಗೇ ಹನಿಯಾಗಿ ಉಳಿಯುತ್ತದೆ, ಆಯಿಲ್‌ಗಿಂತ ಭಾರವಾದ್ದರಿಂದ ಅತ್ಯಂತ ಕೆಳಗಿನ ಜಾಗಕ್ಕೆ, ಅಂದರೆ ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುವ ಕ್ಯಾಲಿಪರ್‌ಗೇ ಇಳಿದು ಕೂರುತ್ತದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿದರೆ, 2,000 ಮೀಟರ್ ಎತ್ತರದಲ್ಲಿ ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಲಿವರ್ ಹಿಡಿದಿರುವಷ್ಟು ಹೊತ್ತು ಒಳಗಿನ ಒತ್ತಡ ಅದನ್ನು ಕುದಿಯಲು ಬಿಡುವುದಿಲ್ಲ. ಬಿಟ್ಟ ಕೂಡಲೇ ಒತ್ತಡ ಇಳಿದು ಆವಿ ಏಳುತ್ತದೆ. "ಬಿಟ್ಟು ಮತ್ತೆ ಹಿಡಿದರೆ" ಎಂದು ನೀವು ಬರೆದದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಇನ್ನು ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. 95 ಕಿಲೋ ತೂಕ 800 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 745 ಕಿಲೋಜೂಲ್. ಎರಡು ಲೀಟರ್‌ಗೂ ಹೆಚ್ಚು ನೀರನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಡಾಂಬರು ರಸ್ತೆಯಲ್ಲಿ ವೇಗವಾಗಿ ಇಳಿಯುವಾಗ ಇದರಲ್ಲಿ ದೊಡ್ಡ ಪಾಲನ್ನು ಎದುರುಗಾಳಿಯೇ ತೆಗೆದುಕೊಳ್ಳುತ್ತದೆ. ಶೇಕಡ 10ರ ಇಳಿಜಾರಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಗಾಳಿಯ ತಡೆ ಅತ್ಯಲ್ಪ. ಟೈರ್ ಮತ್ತು ಜಲ್ಲಿಯ ಘರ್ಷಣೆಯನ್ನು ಕಳೆದರೂ ಸುಮಾರು 400 ವ್ಯಾಟ್ ಎಡೆಬಿಡದೆ ಬ್ರೇಕುಗಳಿಗೆ ಹೋಗುತ್ತಿರುತ್ತದೆ. ಸಡಿಲ ಜಲ್ಲಿಗೆ ಹೆದರಿ ಹಗುರವಾಗಿ ಹಿಡಿದುಕೊಂಡೇ ಇಳಿಯುವುದು ಸಹಜ, ಆದರೆ ಹಾಗೆ ಮಾಡಿದಾಗ ರೋಟರ್‌ಗೆ ಉಸಿರಾಡಲು ಒಂದು ಕ್ಷಣವೂ ಸಿಗುವುದಿಲ್ಲ. 3,715 ಮೀಟರ್ ಎತ್ತರದ ಶಿಖರವಿರುವ ಇಷ್ಟು ಸಣ್ಣ ದ್ವೀಪದಲ್ಲಿ ಇಳಿಜಾರುಗಳು ನಡುವೆ ಸಮತಟ್ಟಿಲ್ಲದೆ ಕಡಲಿನವರೆಗೂ ಸಾಗುವುದರಿಂದ, ಬೇರೆಡೆ ವರ್ಷಗಟ್ಟಲೆ ಬಯಲಾಗದ ದೋಷ ಇಲ್ಲಿ ಒಂದೇ ಇಳಿತದಲ್ಲಿ ಬಯಲಾಗುತ್ತದೆ.

ಆದ್ದರಿಂದ ಮೊದಲ ಕೆಲಸ ಆಯಿಲ್ ಪೂರ್ತಿ ಬದಲಿಸುವುದು. ಮೇಲಿನ ಗುಳ್ಳೆಯನ್ನಷ್ಟೇ ತೆಗೆಯುವ ಸಣ್ಣ ಬ್ಲೀಡ್ (ಒಳಗಿನ ಗಾಳಿ ಹೊರಹಾಕುವ ಕೆಲಸ) ಇಲ್ಲಿ ಸಾಲದು. ಕ್ಯಾಲಿಪರ್‌ನ ನಿಪಲ್‌ನಿಂದ (ಆಯಿಲ್ ಹೊರಬಿಡುವ ಕಿರುಬಾಯಿ) ಹಳೆಯ ಆಯಿಲ್ ಅನ್ನು ಪಾರದರ್ಶಕ ಬಾಟಲಿಗೆ ಇಳಿಸಿ, ತಳದಲ್ಲಿ ಬೇರೆಯಾಗಿ ನಿಲ್ಲುವ ಹನಿಗಳಿವೆಯೇ ಎಂದು ನೋಡಿ. ಬ್ಲೀಡ್ ಮಾಡುವಾಗ ಪ್ಯಾಡ್‌ಗಳನ್ನು ತೆಗೆದಿಟ್ಟು ಅವುಗಳ ಜಾಗದಲ್ಲಿ ಬ್ಲೀಡ್ ಬ್ಲಾಕ್ ಎಂಬ ತುಂಡನ್ನು ಇಡಿ, ಏಕೆಂದರೆ ಒಂದು ತೊಟ್ಟು ಆಯಿಲ್ ತಗಲಿದರೂ ಪ್ಯಾಡ್ ಕೆಟ್ಟಂತೆಯೇ.

ಕರಕರ ಸದ್ದು ಬೇರೆಯೇ ವಿಷಯ. ಉತ್ತರದ ಇಳಿಜಾರಿನಲ್ಲಿ ವಾಣಿಜ್ಯ ಮಾರುತಗಳು ತರುವ ಮೋಡ ಪೈನ್ ಎಲೆಗಳ ಮೇಲೆ ಹನಿಗಟ್ಟಿ ತೊಟ್ಟಿಕ್ಕುವುದರಿಂದ ದಾರಿಯ ಕಪ್ಪು ಧೂಳು ಕೆಸರಾಗಿ ಪ್ಯಾಡ್ ಮೇಲೆ ಕೂರುತ್ತದೆ. ಜ್ವಾಲಾಮುಖಿಯ ಜಲ್ಲಿಯ ಕಣಗಳು ಹೊಳೆಯ ಮರಳಿನಂತೆ ನುಣುಪಾಗಿರುವುದಿಲ್ಲ; ಅವುಗಳ ಅಂಚು ಗಾಜಿನ ಚೂರಿನಷ್ಟು ಹರಿತ. ರೆಸಿನ್ ಪ್ಯಾಡ್ ಆ ಕೆಸರಿನಲ್ಲಿ ಬೇಗ ಸವೆಯುತ್ತದೆ. ಪ್ಯಾಡ್‌ನ ಘರ್ಷಣೆಯ ಪದರ ಅರ್ಧ ಮಿಲಿಮೀಟರ್‌ಗೆ ಇಳಿದಿದ್ದರೆ ಬದಲಿಸಿ. ಪಿಸ್ಟನ್‌ಗಳ ಸುತ್ತ ಕಪ್ಪು ಪುಡಿ ಅಂಟಿದ್ದರೆ, ಅವನ್ನು ಒಳಗೆ ತಳ್ಳುವ ಮುನ್ನವೇ ಒರೆಸಿ; ಹಾಗೆಯೇ ತಳ್ಳಿದರೆ ಆ ಪುಡಿ ಸೀಲ್‌ಗಳನ್ನು ಗೀರುತ್ತದೆ.

ಮೂರನೆಯ ಉತ್ತರ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೂ ಇಂತಹ ದಾರಿಗೆ ಸಿಂಟರ್ಡ್ (ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಗಟ್ಟಿಮಾಡಿದ) ಪ್ಯಾಡ್ ಹಾಕುವುದೇ ಮೇಲು, ಅದು ಬಿಸಿಯನ್ನೂ ಕೆಸರನ್ನೂ ತಡೆದುಕೊಳ್ಳುತ್ತದೆ. ಪ್ಯಾಡ್ ಬದಲಾವಣೆಯೇ ಮೊದಲ ಹೆಜ್ಜೆಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಉತ್ತರ ಬರೆದವರು

ಸವೆತದ ದೃಷ್ಟಿಯಿಂದ ನಿಮ್ಮ ಮಾತು ಸರಿ. ಆದರೆ ಈ ದೋಷಕ್ಕೆ ಅದನ್ನೇ ಮೊದಲ ಹೆಜ್ಜೆ ಮಾಡಬಾರದೆಂದು ಒತ್ತಿ ಹೇಳಬೇಕಾಗಿದೆ. ಸಿಂಟರ್ಡ್ ಪ್ಯಾಡ್ ಬಿಸಿಯಲ್ಲಿ ತನ್ನ ಹಿಡಿತ ಬಿಡುವುದಿಲ್ಲ ನಿಜ, ಆದರೆ ಲೋಹವಾದ್ದರಿಂದ ಆ ಬಿಸಿಯನ್ನು ರೆಸಿನ್‌ಗಿಂತ ಹೆಚ್ಚಾಗಿ ಪಿಸ್ಟನ್‌ಗೂ ಅದರ ಹಿಂದಿನ ಆಯಿಲ್‌ಗೂ ದಾಟಿಸುತ್ತದೆ. ನೀರಿನ ಹನಿ ಒಳಗಿರುವಾಗಲೇ ಅದನ್ನು ಹಾಕಿದರೆ ಲಿವರ್ ಇನ್ನೂ ಬೇಗ ಕುಸಿಯಬಹುದು. ಆಯಿಲ್ ಬದಲಿಸಿದ ನಂತರ ಹಾಕಲು ಅಡ್ಡಿಯಿಲ್ಲ. ರೋಟರ್ ಮೇಲೆ "ರೆಸಿನ್ ಪ್ಯಾಡ್ ಮಾತ್ರ" ಎಂದು ಅಚ್ಚಾಗಿದ್ದರೆ ಮಾತ್ರ ಬೇಡ.

ಇದಕ್ಕಿಂತ ಹೆಚ್ಚು ಪ್ರಯೋಜನ ಮುಂದಿನ ರೋಟರ್ ಅನ್ನು 160 ಮಿಲಿಮೀಟರ್‌ಗೆ ಏರಿಸುವುದರಲ್ಲಿದೆ. ಫೋರ್ಕ್ ಒಪ್ಪುವುದಾದರೆ, ಅನೇಕ ಫ್ಲಾಟ್ ಮೌಂಟ್ (ಫೋರ್ಕ್ ಮೇಲೆ ಚಪ್ಪಟೆಯಾಗಿ ಕೂರುವ) ಕ್ಯಾಲಿಪರ್‌ಗಳ ಮುಂದಿನ ಅಡಾಪ್ಟರ್ (ಕ್ಯಾಲಿಪರ್ ಮತ್ತು ಫೋರ್ಕ್ ನಡುವಿನ ತುಂಡು) ಅನ್ನು ತಿರುಗಿಸಿ ಕೂರಿಸಿದರೆ ಸಾಕು, ಹೊಸ ಅಡಾಪ್ಟರ್ ಕೂಡ ಬೇಕಾಗುವುದಿಲ್ಲ. ಇಳಿಯುವಾಗ ನೇರವಾದ, ನೆಲ ಗಟ್ಟಿಯಾಗಿರುವ ಜಾಗದಲ್ಲಿ ಎರಡೂ ಬ್ರೇಕುಗಳನ್ನು ಜೋರಾಗಿ ಹಿಡಿದು ವೇಗ ತಗ್ಗಿಸಿ, ಸಡಿಲ ಪಿಕೋನ್ ಇರುವ ತಿರುವಿಗೆ ಮುಂದಿನ ಬ್ರೇಕ್ ಪೂರ್ತಿ ಬಿಟ್ಟು ಪ್ರವೇಶಿಸಿ. ಚಕ್ರ ಜಾರುವ ಭಯವೂ ತಗ್ಗುತ್ತದೆ, ರೋಟರ್ ಕೂಡ ತಣಿಯುತ್ತದೆ. ಬಿಸಿ ರೋಟರ್ ಮೇಲೆ ಮಾತ್ರ ದಯವಿಟ್ಟು ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ಯಾಲಿಪರ್‌ನಿಂದ ಇಳಿಸಿದ ಆಯಿಲ್ ಕಂದುಗಪ್ಪಾಗಿತ್ತು. ಬಾಟಲಿಯನ್ನು ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟಾಗ ತಳದಲ್ಲಿ ಸಾಸಿವೆ ಕಾಳಿನ ಗಾತ್ರದ ಎರಡು ಸ್ವಚ್ಛ ಹನಿಗಳು ಬೇರೆಯಾಗಿ ನಿಂತವು. ಆಯಿಲ್ ಪೂರ್ತಿ ಬದಲಿಸಿ, ಮುಂದೆ 160 ಮಿಲಿಮೀಟರ್ ರೋಟರ್ ಮತ್ತು ಹೊಸ ರೆಸಿನ್ ಪ್ಯಾಡ್ ಹಾಕಿದ್ದೇನೆ. ಮೊದಲು ಒರೊತಾವಕ್ಕೆ ಇಳಿಯುವ ಟಿಎಫ್-21 ಡಾಂಬರು ರಸ್ತೆಯಲ್ಲಿ ಹಲವು ಸಲ ಬ್ರೇಕ್ ಹಾಕಿ ಹೊಸ ಪ್ಯಾಡ್ ಪಳಗಿಸಿ, ಆಮೇಲೆ ಅದೇ ಕಾಡಿನ ದಾರಿಯಲ್ಲಿ ಬಿಟ್ಟು ಬಿಟ್ಟು ಹಿಡಿಯುತ್ತ ಇಳಿದೆ. ಲಾ ಕಾಲ್ದೆರಾದವರೆಗೂ ಲಿವರ್ ಮೊದಲಿನಷ್ಟೇ ಗಟ್ಟಿಯಾಗಿತ್ತು. ಕರಕರ ಸದ್ದು ಮೋಡದೊಳಗೆ ಇನ್ನೂ ಸ್ವಲ್ಪ ಬರುತ್ತದೆ. ಹಿಂದಿನ ಬ್ರೇಕ್ ಇದುವರೆಗೆ ತೊಂದರೆ ಕೊಟ್ಟಿಲ್ಲ. ಅದರ ಆಯಿಲ್ ಕೂಡ ಬದಲಿಸಬೇಕೇ?

ಎರಡನೆಯ ಉತ್ತರ ಬರೆದವರು

ಖಂಡಿತ ಬದಲಿಸಿ. ಎರಡೂ ಬ್ರೇಕುಗಳು ಒಂದೇ ವಯಸ್ಸಿನವು, ಮುಂದಿನದು ಹೆಚ್ಚು ಕೆಲಸ ಮಾಡಿದ್ದರಿಂದ ಮೊದಲು ತೋರಿಸಿತು ಅಷ್ಟೇ. ಹಿಂದಿನ ಹೋಸ್ ಫ್ರೇಮಿನೊಳಗೆ ಉದ್ದಕ್ಕೆ ಹೋಗುವುದರಿಂದ ಆಯಿಲ್ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಬಾಟಲಿಗೆ ಬೀಳುವ ಆಯಿಲ್ ತಿಳಿಯಾಗುವವರೆಗೆ ಬಿಡುತ್ತಿರಿ.