ಡಿಎನ್‌ಎ ಎಳೆ ಜೋಡಿಸುವಾಗ ಉಪ್ಪು ಯಾಕೆ ಬೇಕು?

ಪ್ರಶ್ನೆ: ಮೇಡಂ, ನಾನು ಎಂಎಸ್ಸಿ ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ. ಎರಡು ಡಿಎನ್‌ಎ ಎಳೆಗಳನ್ನು ಜೋಡಿಸುವಾಗ ಬರೀ ಡಿಸ್ಟಿಲ್ಡ್ ವಾಟರ್ ಬೇಡ, 50 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಇರಲಿ ಅಂತ ನಮ್ಮ ಪ್ರೋಟೋಕಾಲ್‌ನಲ್ಲಿದೆ. ಎಳೆಗಳನ್ನು ಹಿಡಿದಿಡುವುದು ಹೈಡ್ರೋಜನ್ ಬಂಧ ಅಲ್ವಾ? ಉಪ್ಪಿಗೇನು ಕೆಲಸ? ಸೋಡಿಯಂ ಹೋಗಿ ಎಳೆಯ ಬೆನ್ನೆಲುಬಿನಲ್ಲಿರುವ ಫಾಸ್ಫೇಟಿಗೆ ಅಂಟಿಕೊಳ್ಳುತ್ತದಾ?

ಉತ್ತರ: ಹೈಡ್ರೋಜನ್ ಬಂಧ ನಿಜ, ಬೇಸ್‌ಗಳು (ಡಿಎನ್‌ಎಯ ಎ, ಟಿ, ಜಿ, ಸಿ ಅಕ್ಷರಗಳು) ಒಂದರ ಮೇಲೊಂದು ಕೂರುವುದೂ ನಿಜ. ಆದರೆ ಅದಕ್ಕೆ ಮೊದಲು ಎಳೆಗಳು ಹತ್ತಿರ ಬರಬೇಕಲ್ಲ! ಪ್ರತಿ ಫಾಸ್ಫೇಟಿನ ಮೇಲೂ ಒಂದು ಋಣ ಚಾರ್ಜ್ ಇದೆ. ಜೋಡಿ ಎಳೆಯ ಉದ್ದಕ್ಕೆ ಲೆಕ್ಕ ಹಾಕಿದರೆ ಪ್ರತಿ 0.17 ನ್ಯಾನೋಮೀಟರಿಗೆ ಒಂದು. ನೀರಿನಲ್ಲಿ ಎರಡು ಚಾರ್ಜ್‌ಗಳು 0.7 ನ್ಯಾನೋಮೀಟರಿಗಿಂತ ಹತ್ತಿರ ಬಂದರೆ ಅವುಗಳ ತಳ್ಳಾಟ ಶಾಖದ ಕುಲುಕಾಟವನ್ನೂ ಮೀರಿಸುತ್ತದೆ. ಇಲ್ಲಿ ಅದಕ್ಕಿಂತ ನಾಲ್ಕು ಪಟ್ಟು ಒತ್ತಾಗಿವೆ. ಹಾಗಾಗಿ ಉಪ್ಪೇ ಇಲ್ಲದ ನೀರಿನಲ್ಲಿ ಎಳೆಗಳು ರೂಮಿನ ಬಿಸಿಗೇ ಬೇರೆಯಾಗಬಹುದು.

ಸೋಡಿಯಂ ಅಂಟಿಕೊಳ್ಳುವುದಿಲ್ಲ, ಮುತ್ತಿಕೊಳ್ಳುತ್ತದೆ. ಧನ ಚಾರ್ಜಿನ ಈ ಸೋಡಿಯಂ ಅಯಾನುಗಳು ತಮ್ಮ ನೀರಿನ ಹೊದಿಕೆ ಸಮೇತ ಡಿಎನ್‌ಎ ಉದ್ದಕ್ಕೂ ಓಡಾಡುತ್ತಾ ಇರುತ್ತವೆ. ಒಂದು ಹೋದರೆ ಇನ್ನೊಂದು ಬರುತ್ತದೆ. ರಸಾಯನ ವಿಜ್ಞಾನಿ ಜೆರಾಲ್ಡ್ ಮ್ಯಾನಿಂಗ್ 1969ರಲ್ಲಿ ಕೊಟ್ಟ ಸಿದ್ಧಾಂತದ ಪ್ರಕಾರ ಸೋಡಿಯಂ ಹೀಗೆ ಶೇ. 76ರಷ್ಟು ಚಾರ್ಜ್ ಮುಚ್ಚುತ್ತದೆ. ಮೆಗ್ನೀಸಿಯಂ ಆದರೆ ಶೇ. 88. ನನಗೆ ತುಂಬಾ ಇಷ್ಟವಾಗುವ ಮಾತು ಮುಂದಿನದು: ದ್ರಾವಣದಲ್ಲಿ ಉಪ್ಪು ಜಾಸ್ತಿಯಾದರೂ ಕಡಿಮೆಯಾದರೂ ಈ ಪಾಲು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಪ್ರಶ್ನೆ: ಪಾಲು ಬದಲಾಗದಿದ್ದರೆ, ಉಪ್ಪು ಹೆಚ್ಚಿಸಿದಾಗ ಮೆಲ್ಟಿಂಗ್ ಟೆಂಪರೇಚರ್, ಅಂದರೆ ಅರ್ಧದಷ್ಟು ಡಿಎನ್‌ಎ ಬಿಚ್ಚಿಕೊಳ್ಳುವ ಉಷ್ಣತೆ, ಯಾಕೆ ಏರುತ್ತದೆ ಮೇಡಂ?

ಉತ್ತರ: ಕೇಳಲೇಬೇಕಾದ ಪ್ರಶ್ನೆ. ಎಳೆಗಳು ಬಿಚ್ಚಿಕೊಂಡಾಗ ಒಂಟಿ ಎಳೆಯಲ್ಲಿ ಚಾರ್ಜ್‌ಗಳು ಅಷ್ಟು ಒತ್ತಾಗಿರುವುದಿಲ್ಲ. ಮುತ್ತಿದ್ದ ಅಯಾನುಗಳಲ್ಲಿ ಕೆಲವು ಬಿಡುಗಡೆಯಾಗುತ್ತವೆ. ಹೊರಗೆ ಅಯಾನು ಕಡಿಮೆ ಇದ್ದರೆ ಹೀಗೆ ಹರಡಿಕೊಳ್ಳುವುದರಿಂದ ಎಂಟ್ರೊಪಿ (ಚದುರುವಿಕೆಯ ಅಳತೆ) ಲಾಭ ದೊಡ್ಡದು, ಎಳೆ ಸುಲಭವಾಗಿ ಬಿಚ್ಚುತ್ತದೆ. ಹೊರಗೂ ಅಯಾನು ತುಂಬಿದ್ದರೆ ಆ ಲಾಭ ಕುಗ್ಗುತ್ತದೆ. ಉದ್ದದ ಡಿಎನ್‌ಎಯಲ್ಲಿ ಸೋಡಿಯಂ ಹತ್ತು ಪಟ್ಟು ಏರಿಸಿದರೆ ಮೆಲ್ಟಿಂಗ್ ಟೆಂಪರೇಚರ್ ಸುಮಾರು 16-17 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಉಪ್ಪು ತೀರಾ ಹೆಚ್ಚಾದ ಮೇಲೆ ಈ ಏರಿಕೆ ನಿಲ್ಲುತ್ತದೆ.

ಪ್ರಶ್ನೆ: ಸೋಡಿಯಂ ಬದಲು ಮೆಗ್ನೀಸಿಯಂ ಹಾಕಬಹುದಾ?

ಉತ್ತರ: ಧಾರಾಳವಾಗಿ. ಕೆಲವೇ ಮಿಲಿಮೋಲಾರ್ ಸಾಕು. ಆದರೆ ನಿಮ್ಮ ಎಳೆಗಳು ಡಿಎನ್‌ಎ ಕೆಡದಂತೆ ಇಡುವ ಟಿಇ ಬಫರಿನಲ್ಲಿದ್ದರೆ ಅದರಲ್ಲಿರುವ, ಲೋಹದ ಅಯಾನುಗಳನ್ನು ಕಟ್ಟಿಹಾಕುವ ಇಡಿಟಿಎ ಒಂದಕ್ಕೆ ಒಂದರಂತೆ ಮೆಗ್ನೀಸಿಯಂ ಹಿಡಿದುಕೊಳ್ಳುತ್ತದೆ. ಅಷ್ಟನ್ನು ಸೇರಿಸಿಯೇ ಲೆಕ್ಕ ಹಾಕಿ.